ಒಳಸುತ್ತಿನ ಕಹಳೆ

ಸೈಡ್‌ವೈಂಡರ್ ಎಂದರೆ ಮರಳುಗಾಡಿನಲ್ಲಿ ಅಡ್ಡಡ್ಡ ಹರಿಯುವ ಹಾವು. 25ರ ಹುಡುಗ, ಅಮೆರಿಕದ ಜಾಝ್ ವಾದಕ ಲೀ ಮಾರ್ಗನ್, ಆ ಹೆಸರಿನ ಆಲ್ಬಂಗೆ ಟ್ರಂಪೆಟ್ ಊದಿದ್ದು 1963ರ ಡಿಸೆಂಬರ್ 21ರಂದು, ನ್ಯೂಜೆರ್ಸಿಯ ರೂಡಿ ವ್ಯಾನ್ ಗೆಲ್ಡರ್ ಸ್ಟುಡಿಯೋದಲ್ಲಿ. ರೆಕಾರ್ಡ್ ಕಂಪನಿ ಬ್ಲೂ ನೋಟ್ ಅದನ್ನು ವಿನೈಲ್‌ನಲ್ಲಿ ಮತ್ತೆ ಮತ್ತೆ ಅಚ್ಚು ಹಾಕುತ್ತಲೇ ಇದೆ. ಕೊಳ್ಳುವವರು ಆ ವಿನೈಲ್ ತಟ್ಟೆ 180 ಗ್ರಾಂ ಇದೆಯೇ ಎಂದು ಮೊದಲು ಕೇಳುತ್ತಾರೆ. ತೂಕ ನೋಡಿ ಕೊಳ್ಳಲು ಅದೇನು ಬೆಲ್ಲವೇ? ನೋಡಬೇಕಾದದ್ದು ಲೇಬಲ್ಲಿಗೆ ಹತ್ತಿರದ ಎರಡು ಬೆರಳಗಲ ಜಾಗ.

ಮೊದಲ ಮಗ್ಗುಲಲ್ಲಿ ಎರಡೇ ರಚನೆ, ಒಂದೊಂದೂ ಹತ್ತು ನಿಮಿಷ ದಾಟುತ್ತದೆ. ಶೀರ್ಷಿಕೆಯ 24 ಬಾರಿನ (ತಾಳಾವರ್ತದ) ಬ್ಲೂಸ್‌ಗೆ ಬಿಲ್ಲಿ ಹಿಗ್ಗಿನ್ಸ್ ಡ್ರಮ್ಮು ತೊಡಗಿತೆಂದರೆ ಕಾಲು ತಾನಾಗಿ ತಾಳ ಹಾಕುತ್ತದೆ; ಅಲ್ಲಿ ತಟ್ಟೆಯ ಗೀರಿನಲ್ಲಿ ಓಡುವ ಮುಳ್ಳಿಗೂ ಆರಾಮ. ಪರೀಕ್ಷೆ ಇರುವುದು ಎರಡನೆಯ ರಚನೆ ‘ಟೋಟೆಮ್ ಪೋಲ್’ ಮುಗಿಯುವಾಗ. ತಟ್ಟೆ ನಿಮಿಷಕ್ಕೆ 33⅓ ಸುತ್ತು ತಿರುಗುವಾಗ ಹೊರ ಅಂಚಿನಲ್ಲಿ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಗೀರು ಮುಳ್ಳಿನಡಿ ಹಾಯುತ್ತದೆ, ಒಳಗೆ ಬಂದಾಗ 21 ಮಾತ್ರ. ಅಷ್ಟೇ ಸಂಗೀತ ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುರುಕಿಕೊಳ್ಳಬೇಕು. ಟ್ರಂಪೆಟ್ಟಿನ ಮೇಲ್ಸ್ವರಗಳೋ ದಟ್ಟ. ಗೀರಿನ ತಿರುವುಗಳು ಕಿರಿದಾದಂತೆ ಗುಂಡು ತುದಿಯ ಮುಳ್ಳು ಅವುಗಳೊಳಗೆ ಇಳಿಯಲಾರದೆ ಮೇಲೆಮೇಲೇ ಸವರಿಕೊಂಡು ಹೋಗುತ್ತದೆ. ಹಿತ್ತಾಳೆಯ ನಾದ ಹೋಗಿ ಹರಿದ ಕಾಗದದ ಸದ್ದು ಉಳಿಯುತ್ತದೆ.

ಆಗ ಬೈಗುಳ ಬೀಳುವುದು ತಟ್ಟೆಗೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮೊದಲು ಮುಳ್ಳು ಕೂರುವ ಕಾರ್ಟ್ರಿಜ್‌ನ ಎರಡು ಸ್ಕ್ರೂ ಸಡಿಲಿಸಿ, ಪ್ರೊಟ್ರಾಕ್ಟರ್ ಎಂಬ ಜೋಡಣೆಯ ಅಳತೆಪಟ್ಟಿಯ ಎರಡೂ ಬಿಂದುಗಳಲ್ಲಿ ಅದು ಗೆರೆಗೆ ನೇರ ನಿಲ್ಲುತ್ತದೆಯೇ ನೋಡಬೇಕು. ಅರ್ಧ ಮಿಲಿಮೀಟರ್ ಸರಿಸಿದರೂ ಕಿವಿಗೆ ಗೊತ್ತಾಗುತ್ತದೆ. ತಯಾರಕರು ಮುಳ್ಳಿನ ಭಾರ 1.8ರಿಂದ 2.2 ಗ್ರಾಂ ಎಂದಿದ್ದರೆ 2ರ ಮೇಲೇ ಇಡಿ. ಹಗುರವಾದಷ್ಟೂ ತಟ್ಟೆ ಉಳಿಯುತ್ತದೆ ಎಂಬ ಜೀವದಯೆ ಇಲ್ಲಿ ತಿರುಗುಬಾಣ: ಹಿಡಿತ ತಪ್ಪಿದ ಮುಳ್ಳು ಕುಪ್ಪಳಿಸಿ ಗೀರಿನ ಗೋಡೆಯನ್ನೇ ಕೆತ್ತುತ್ತದೆ. ತುದಿಯ ಧೂಳನ್ನು ಬ್ರಶ್ಶಿನಿಂದ ಹಿಂದಿನಿಂದ ಮುಂದಕ್ಕಷ್ಟೇ ಎಳೆಯಿರಿ. ಪಕ್ಕಕ್ಕೆ ಒರೆಸಿದರೆ ಮುಳ್ಳಿನ ಕಡ್ಡಿಯೇ ವಾಲೀತು.

ತಪ್ಪು ನಿಜವಾಗಿ ತಟ್ಟೆಯದೇ ಆಗಿರುವುದೂ ಉಂಟು. ಮುಳ್ಳು ಇಳಿದ ಮೇಲೆ ಅದನ್ನು ಹೊತ್ತ ತೋಳನ್ನು ಎದುರಿನಿಂದ ದಿಟ್ಟಿಸಿ. ಸುತ್ತಿಗೊಮ್ಮೆ, ಅಂದರೆ 1.8 ಸೆಕೆಂಡಿಗೊಮ್ಮೆ, ಅದು ಎಡಬಲ ತೂಗಿದರೆ ನಡುವಿನ ತೂತು ಕೇಂದ್ರದಲ್ಲಿಲ್ಲ. ಅರ್ಧ ಮಿಲಿಮೀಟರ್ ಸರಿದಿದ್ದರೂ ಒಳಸುತ್ತಿನಲ್ಲಿ ಶ್ರುತಿ ಶೇ. 0.8ರಷ್ಟು ಏರಿಳಿಯುತ್ತದೆ. ಟ್ರಂಪೆಟ್ಟಿನ ಚುಟುಕು ಸ್ವರಗಳಲ್ಲಿ ಅದು ಅಡಗೀತು, ಬ್ಯಾರಿ ಹ್ಯಾರಿಸ್ ಹಿಡಿದಿಟ್ಟ ಪಿಯಾನೋ ಸ್ವರ ಮಾತ್ರ ತೊಟ್ಟಿಲಂತೆ ತೂಗಿ ಗುಟ್ಟು ಬಿಡುತ್ತದೆ. ಅಂಥದ್ದನ್ನು ಅಂಗಡಿಗೆ ಹಿಂತಿರುಗಿಸಿ. ಹಿನ್ನೆಲೆಯಲ್ಲಿ ಕೇಳುವ ಸಣ್ಣ ಸುಯ್ಲಿನ ತಕರಾರು ಬೇಡ. ಅದು 1963ರ ಟೇಪಿನದು.