ತಿಂದ್ರೂ ಸೊರಗುವ ಕುದುರೆಗೆ ಬರೀ ಹುಳದ ಔಷಧಿ ಸಾಕಾ?

ತೀರ್ಥಹಳ್ಳಿ ಹತ್ತಿರ ನಮ್ಮ ಚಿಕ್ಕಪ್ಪ ಒಂದು ಹೆಣ್ಣು ಕುದುರೆ ಸಾಕಿದ್ದಾರೆ. ಹೆಸರು ಗೌರಿ. ಮದುವೆ ದಿಬ್ಬಣಕ್ಕೆ ಬಾಡಿಗೆಗೆ ಹೋಗುತ್ತೆ. ಹೋದ ಮಳೆಗಾಲದಿಂದ ಸೊರಗಿ ಸೊರಗಿ ಪಕ್ಕೆಲುಬು ಎಣಿಸುವ ಹಾಗಾಯಿತು. ಮೇವು ಮಾತ್ರ ಬಿಡಲಿಲ್ಲ, ಹುರುಳಿ ಬೇಯಿಸಿಟ್ಟರೆ ಬಕೆಟ್ ನೆಕ್ಕಿ ಖಾಲಿ ಮಾಡ್ತಿತ್ತು. "ತಿನ್ನುತ್ತಲ್ಲಾ, ಏನಾಗಲ್ಲ ಬಿಡಿ" ಅಂತ ಬಂದವರೆಲ್ಲ ಹೇಳಿದರು. ನನಗೆ ಸಿಟ್ಟು ಬರೋದೇ ಈ ಮಾತಿಗೆ. ತಿಂದೂ ಇಳೀತಿದೆ ಅಂದ್ರೆ ತಿಂದದ್ದು ಮೈಗೆ ಹತ್ತುತ್ತಿಲ್ಲ ಅಂತ ಅಲ್ವಾ?

ಮೊದಲು ತೋರಿಸಿದ ಡಾಕ್ಟರ್ ಆರು ತಿಂಗಳಲ್ಲಿ ಮೂರು ಸಲ ಹುಳದ ಔಷಧಿ ಕೊಟ್ಟರು. ಒಂದು ಸಲವೂ ರಕ್ತ ತೆಗೆಯಲಿಲ್ಲ. ಹುಳ, ಹಲ್ಲು ಮೊದಲು ನೋಡಲೇಬೇಕು, ಅದು ಸರಿ. ಆದರೆ ಅಲ್ಲಿಗೇ ನಿಂತುಬಿಟ್ಟರೆ?

ಆಮೇಲೆ ಹೊಟ್ಟೆ ಕೆಳಗೆ ಬಾವು ಬಂತು. ಗಬ್ಬ ಆಗಿರಬೇಕು ಅಂದರು ಪಕ್ಕದ ಮನೆಯವರು! ಬೆರಳಲ್ಲಿ ಒತ್ತಿ ನೋಡಿದೆ, ಕಡುಬಿನ ಹಿಟ್ಟಿಗೆ ಒತ್ತಿದ ಹಾಗೆ ಗುಂಡಿ ಹಾಗೇ ಉಳಿಯಿತು. ಶಿವಮೊಗ್ಗದಲ್ಲಿ ಬೇರೆ ಡಾಕ್ಟರ್ ರಕ್ತ ಪರೀಕ್ಷೆ ಮಾಡಿಸಿದರು. ರಕ್ತದಲ್ಲಿರೋ ಅಲ್ಬುಮಿನ್ ಅನ್ನೋ ಪ್ರೋಟೀನ್ 2.5ರ ಮೇಲಿರಬೇಕಾದ್ದು 1.7 ಇತ್ತು. ಲಿವರ್, ಕಿಡ್ನಿ ಚೆನ್ನಾಗಿದೆ, ಪ್ರೋಟೀನ್ ಕರುಳಿಂದ ಸೋರಿ ಹೋಗ್ತಿದೆ ಅಂದರು.

ಮಾರನೇ ದಿನ ಗ್ಲೂಕೋಸ್ ಪರೀಕ್ಷೆ, ಕರುಳು ಸಕ್ಕರೆನ ರಕ್ತಕ್ಕೆ ಹೀರಿಕೊಳ್ಳುತ್ತಾ ಅಂತ ನೋಡೋಕೆ. ರಾತ್ರಿಯಿಡೀ ಉಪವಾಸ, ಗೌರಿ ಬಕೆಟ್ ಒದ್ದು ಒದ್ದು ನಮಗೂ ನಿದ್ದೆ ಇಲ್ಲ. ತೂಕ 300 ಕೆಜಿ, ಹಾಗಾಗಿ 300 ಗ್ರಾಂ ಗ್ಲೂಕೋಸ್ ಒಂದೂವರೆ ಲೀಟರ್ ನೀರಲ್ಲಿ ಕಲಸಿ, ಮೂಗಿನಿಂದ ಹೊಟ್ಟೆಗೆ ನಳಿಕೆ ಇಳಿಸಿ ಹಾಕಿದರು. ಅರ್ಧ ಗಂಟೆಗೊಮ್ಮೆ ರಕ್ತ. ಶುರುವಲ್ಲಿ 85 ಇದ್ದ ಸಕ್ಕರೆ ಎರಡು ಗಂಟೆಯಲ್ಲಿ 157 ದಾಟಬೇಕಿತ್ತು, 108ಕ್ಕೇ ನಿಂತಿತು. ಸುಮಾರು 20 ಮೀಟರ್ ಉದ್ದದ ಸಣ್ಣ ಕರುಳು ಅರ್ಧಂಬರ್ಧ ಕೆಲಸ ಮಾಡ್ತಿತ್ತು. ಸ್ಕ್ಯಾನಲ್ಲಿ ಅದರ ಗೋಡೆ ದಪ್ಪ ಕಂಡಿತು. ಗುದದ್ವಾರದ ಒಳಗಿಂದ ಚೂರು ತೆಗೆದು ಬಯಾಪ್ಸಿಗೆ ಕಳಿಸಿದರು, ಉರಿಯೂತ ಅಂತ ಬಂತು. ಬಯಾಪ್ಸಿಯಲ್ಲಿ ಏನೂ ಸಿಗದಿದ್ದರೂ ರೋಗ ಇಲ್ಲ ಅಂತ ಹೇಳೋಕಾಗಲ್ಲವಂತೆ. ಕರುಳಿನ ಕ್ಯಾನ್ಸರ್ ಕೂಡ ಹೀಗೇ ಕಾಣುತ್ತೆ ಅಂತಲೂ ಮೊದಲೇ ಹೇಳಿಟ್ಟರು.

ಔಷಧಿ ಪ್ರೆಡ್ನಿಸೊಲೋನ್ ಅನ್ನೋ ಉರಿಯೂತ ಇಳಿಸುವ ಸ್ಟೀರಾಯ್ಡ್, ತೂಕದ ಕೆಜಿಗೆ ದಿನಕ್ಕೆ 1 ಮಿಲಿಗ್ರಾಂ. ಅಂದ್ರೆ 10 ಮಿಲಿಗ್ರಾಂ ಮಾತ್ರೆ ದಿನಕ್ಕೆ 30. ಮೆಡಿಕಲ್ ಶಾಪಿನ ಹುಡುಗ ಚೀಟಿ ನೋಡಿ ನನ್ನ ಮುಖ ನೋಡಿ, "ಅಣ್ಣಾ, ಇದು ಯಾರಿಗೆ?" ಅಂದ. ಒಂದು ಮಾತು ನೆನಪಿರಲಿ, ಪ್ರೆಡ್ನಿಸೋನ್ ಬೇರೆ. ಬಾಯಿಂದ ಕೊಟ್ಟರೆ ಕುದುರೆ ಮೈಗೆ ಅದು ಸರಿಯಾಗಿ ಹತ್ತಲ್ಲ. ಒಂದಕ್ಷರದ ಪುಟ್ಟ ವ್ಯತ್ಯಾಸ, ಸುಮ್ನೆ ದುಡ್ಡು ದಂಡ.

ಪುಡಿ ಮಾಡಿ ಬೂಸಾದಲ್ಲಿ ಕಲಸಿ ಕೊಟ್ವಿ. ಕಾಳು ಕಮ್ಮಿ, ಹುಲ್ಲು ಜಾಸ್ತಿ, ಸ್ವಲ್ಪ ಸ್ವಲ್ಪವಾಗಿ ಎಣ್ಣೆ. ಸ್ಟೀರಾಯ್ಡ್ ಅಲ್ವಾ, ಗೊರಸಿಗೆ ಉರಿಯೂತ ಬರಬಹುದು ಅಂತ ಚಿಕ್ಕಪ್ಪ ದಿನಾ ಬೆಳಿಗ್ಗೆ ನಾಲ್ಕೂ ಗೊರಸು ಮುಟ್ಟಿ ಬಿಸಿ ಇದೆಯಾ ನೋಡ್ತಾರೆ.

ಮೂರನೇ ವಾರಕ್ಕೆ ಬಾವು ಇಳಿಯಿತು. ಈಗ ದಿನ ಬಿಟ್ಟು ದಿನ 8 ಮಾತ್ರೆ. "ನಿಲ್ಲಿಸೋಣ್ವಾ?" ಅಂತ ಚಿಕ್ಕಪ್ಪ ಕೇಳ್ತಾನೇ ಇರ್ತಾರೆ, ಡಾಕ್ಟರ್ ಒಪ್ಪಿಲ್ಲ. ವೈಶಾಖದ ಎರಡು ದಿಬ್ಬಣದ ಅಡ್ವಾನ್ಸ್ ವಾಪಸ್ ಕೊಟ್ಟಾಯ್ತು. ಅದಕ್ಕೆ ಚಿಕ್ಕಮ್ಮನ ಹತ್ತಿರ ಬೈಸಿಕೊಂಡದ್ದು ಬೇರೆ ಕಥೆ.