ಉಳಿಗೆ ಗೋಡೆಯ ಮೇಲೇನು ಕೆಲಸ?

ಬೆಂಗಳೂರಿನ ಕೆಲವು ಕೆಫೆಗಳಲ್ಲಿ, ಈಗೀಗ ನಮ್ಮ ಮಂಗಳೂರಿನಲ್ಲೂ, ಗೋಡೆ ತುಂಬ ಹಳೆಯ ಗರಗಸ, ಬಾಚಿ, ಮರ ಹೆರೆದು ನಯ ಮಾಡುವ ಕೀಸುಳಿ ನೇತುಹಾಕಿರುತ್ತಾರೆ. ಅದಕ್ಕೊಂದು ಕೋಟು ವಾರ್ನಿಷ್, ಮೇಲಿಂದ ಹಳದಿ ಲೈಟು. ನೋಡಿದಾಗೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಹಲ್ಲಿಗೆ ಅರ ಹಾಕಿದರೆ ಇನ್ನೊಂದು ತಲೆಮಾರು ಮರ ಕೊಯ್ಯಬಲ್ಲ ಗರಗಸವನ್ನು ಹೀಗೆ ಮೊಳೆಗೆ ಸಿಕ್ಕಿಸುವುದು ಎಂಥ ಅಲಂಕಾರ?

ಇದನ್ನು ಈಗ ಬರೆಯಲು ಕಾರಣ ಅಂಚೆಯಲ್ಲಿ ಬಂದ ಒಂದು ಪೆಟ್ಟಿಗೆ. ಒಟ್ಟಿಗೆ ಶಾಲೆಗೆ ಹೋದ ಗೆಳೆಯ ಇಂಗ್ಲೆಂಡಿನಲ್ಲಿದ್ದಾನೆ. ಅಲ್ಲಿ ಭಾನುವಾರ ಬೆಳಿಗ್ಗೆ ಬಯಲಲ್ಲಿ ಕಾರು ನಿಲ್ಲಿಸಿ, ಡಿಕ್ಕಿ ತೆರೆದು, ಮನೆಯ ಹಳೇ ಸಾಮಾನು ಮಾರುವ ಸಂತೆ ಸೇರುತ್ತದೆ. ಅಜ್ಜ ತೀರಿಕೊಂಡ ಮೇಲೆ ಅವರ ಮರಗೆಲಸದ ಪೆಟ್ಟಿಗೆ ಇಡಿಯಾಗಿ ಅಲ್ಲಿಗೆ ಬರುವುದುಂಟಂತೆ. "ಕಾಫಿಗೆ ಕೊಡುವ ದುಡ್ಡಿಗೆ ಉಳಿ ಸಿಗ್ತದೆ ಮಾರಾಯ, ಬಿಟ್ಟು ಬರ್ಲಿಕ್ಕೆ ಮನಸ್ಸಾಗ್ಲಿಲ್ಲ" ಅಂದ. ಅಲ್ಲಿಯ ಶೆಫೀಲ್ಡ್ ಊರಿನ ಉಳಿಗಳು, ನೀಲಿ ಬಣ್ಣದ 'ರೆಕಾರ್ಡ್' ಕಂಪನಿಯ ಕೀಸುಳಿ, ಅಮೆರಿಕದ ಡಿಸ್ಟನ್ ಕಂಪನಿಯ ಗರಗಸ, ಎಲ್ಲವನ್ನೂ ಎಣ್ಣೆ ಸವರಿದ ಬಟ್ಟೆಯಲ್ಲಿ ಸುತ್ತಿ ಕಳಿಸಿದ್ದ.

ಉಡುಗೊರೆಯೇನೋ ಪುಕ್ಕಟೆ, ಸುಂಕ ಪುಕ್ಕಟೆಯಲ್ಲ. ಹೊರದೇಶದಿಂದ ಬರುವ 5,000 ರೂಪಾಯಿವರೆಗಿನ ಉಡುಗೊರೆಗೆ ಇದ್ದ ಸುಂಕದ ವಿನಾಯಿತಿಯನ್ನು ಸರ್ಕಾರ 2019ರ ಡಿಸೆಂಬರಿನಲ್ಲಿ ತೆಗೆದುಹಾಕಿತು. ಜೀವರಕ್ಷಕ ಔಷಧಿಯನ್ನೂ ರಾಖಿಯನ್ನೂ ಮಾತ್ರ ಬಿಟ್ಟಿತು. ಉಳಿಯನ್ನು ರಾಖಿ ಅನ್ನಲು ಬರುವುದಿಲ್ಲವಾದ್ದರಿಂದ ದುಡ್ಡು ಕಟ್ಟಿ ಬಿಡಿಸಿಕೊಂಡೆ.

ಉಳಿಗಳ ಮರದ ಹಿಡಿಯ ಮೇಲೆ ಹಿಂದಿನ ಯಜಮಾನರ ಹೆಸರು ಒತ್ತಿದೆ. ಒಂದು ಉಳಿಯ ಮೇಲೆ ಎರಡು ಬೇರೆ ಬೇರೆ ಹೆಸರು, ಅಂದರೆ ಅದು ಆಗಲೇ ಒಮ್ಮೆ ಕೈ ಬದಲಿಸಿದೆ. ಅಲಗಿನ ಮೇಲೆ 'ಕಾಸ್ಟ್ ಸ್ಟೀಲ್', ಅಂದರೆ ಎರಕದ ಉಕ್ಕು, ಎಂಬ ಮುದ್ರೆ. ಹಾಗೆಂದು ಉಳಿಯನ್ನೇ ಅಚ್ಚಿಗೆ ಹೊಯ್ದದ್ದಲ್ಲ. ಮೂಸೆಯಲ್ಲಿ, ಅಂದರೆ ಲೋಹ ಕರಗಿಸುವ ಮಣ್ಣಿನ ಪಾತ್ರೆಯಲ್ಲಿ, ಕರಗಿಸಿದ ಉಕ್ಕನ್ನು ಆಮೇಲೆ ಕಾಯಿಸಿ ಬಡಿದು ಮಾಡಿದ್ದು. ಶೆಫೀಲ್ಡಿನಲ್ಲಿ ಇದನ್ನು ಶುರು ಮಾಡಿದವನು ಬೆಂಜಮಿನ್ ಹಂಟ್ಸ್‌ಮನ್ ಎಂಬ ಗಡಿಯಾರದ ಕೆಲಸದವನು, 1740ರ ದಶಕದಲ್ಲಿ. ಗಡಿಯಾರದ ಸ್ಪ್ರಿಂಗಿಗೆ ಒಂದೇ ಹದದ ಉಕ್ಕು ಸಿಗದೆ ಬೇಸತ್ತು ತಾನೇ ಕುಲುಮೆ ಹೂಡಿದ.

ಮೂಸೆಯ ಉಕ್ಕು ನಮ್ಮ ಸೀಮೆಗೆ ಹೊಸತಲ್ಲ, ಹಂಟ್ಸ್‌ಮನ್‌ಗಿಂತ ಬಹಳ ಹಿಂದಿನಿಂದಲೂ ಮಾಡುತ್ತಿದ್ದರು. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಇಲ್ಲಿಯ ಕುಲುಮೆಗಳನ್ನು ನೋಡಿ ಬರೆದಿಟ್ಟಿದ್ದಾನೆ: ಮಣ್ಣಿನ ಮೂಸೆಯೊಳಗೆ ಕಬ್ಬಿಣದ ತುಂಡು, ತಂಗಡಿ ಗಿಡದ ಕಡ್ಡಿ, ಒಂದೆರಡು ಹಸಿ ಎಲೆ ಹಾಕಿ, ಬಾಯಿ ಮುಚ್ಚಿ ಕಾಯಿಸುವುದು. ಆ ಹೊತ್ತಿಗಾಗಲೇ ಭಾರತದ ಉಕ್ಕಿನ ಗಟ್ಟಿಗಳು ಲಂಡನ್ನಿಗೆ ಹೋಗಿದ್ದವು. ಮುಂದೆ ವಿಜ್ಞಾನಿ ಮೈಕೆಲ್ ಫ್ಯಾರಡೆ ಕೂಡ ಅದರ ಗುಟ್ಟು ಹುಡುಕಲು ಕೂತ. "ನಮ್ಮಿಂದ ಕದ್ದರು" ಎಂದು ಈಗ ಯಾರೋ ಕಾಮೆಂಟು ಹಾಕುತ್ತೀರಿ, ಗೊತ್ತು. ಹಂಟ್ಸ್‌ಮನ್‌ನ ದಾರಿ ಬೇರೆ: ಅಲ್ಲಿ ಮೊದಲೇ ಮಾಡುತ್ತಿದ್ದ ಉಕ್ಕನ್ನು ಅವನು ಪೂರ್ತಿ ಕರಗಿಸಿ ಹದಗೊಳಿಸಿದ. ಅವನ ಕೆಲಸ ಒಪ್ಪಿದರೆ ನಮ್ಮ ಕಮ್ಮಾರರ ಮರ್ಯಾದೆಯೇನೂ ಹೋಗುವುದಿಲ್ಲ.

ಹಾಗೆಂದು ಹಳೆಯದೆಲ್ಲ ಚಿನ್ನ ಅನ್ನುವ ಪೈಕಿ ನಾನಲ್ಲ. ಈಗಿನ ಮಿಶ್ರಲೋಹದ ಅಲಗುಗಳು ಹೆಚ್ಚು ಕಾಲ ಹರಿತ ಉಳಿಸಿಕೊಳ್ಳುತ್ತವೆ. ಹಳೆಯ ಉಳಿ ಬೇಗ ಮೊಂಡಾಗುತ್ತದೆ, ಸಾಣೆಕಲ್ಲಿನ ಮೇಲೆ ಅಷ್ಟೇ ಬೇಗ ಹರಿತವೂ ಆಗುತ್ತದೆ. ನನಗೆ ಮುಖ್ಯವಾಗಿ ಕಾಣುವ ವ್ಯತ್ಯಾಸ ಬೇರೆ. ಆಗ ಉಪಕರಣ ಮಾಡಿದವರು, ಕೊಂಡವನಿಗೆ ಮಸೆಯಲು, ಬಿಚ್ಚಲು, ರಿಪೇರಿ ಮಾಡಲು ಬರುತ್ತದೆ ಎಂದು ನಂಬಿದ್ದರು. ಈಗ ಅಂಗಡಿಯಲ್ಲಿ ಸಿಗುವ ಅಗ್ಗದ ಗರಗಸಗಳ ಹಲ್ಲಿನ ತುದಿ ಕಪ್ಪು-ನೀಲಿಯಾಗಿರುತ್ತದೆ, ಗಮನಿಸಿ. ವಿದ್ಯುತ್ತಿನಿಂದ ಕಾಯಿಸಿ ಅಷ್ಟು ಗಟ್ಟಿ ಮಾಡಿರುತ್ತಾರೆ. ಅದಕ್ಕೆ ಅರ ಹಿಡಿಯುವುದೇ ಇಲ್ಲ. ಮೊಂಡಾಯಿತೋ, ಗುಜರಿಗೆ. ಇತ್ತ ರೆಕಾರ್ಡ್ ಕೀಸುಳಿ ನೋಡಿ. ಶೆಫೀಲ್ಡಿನ ಕಂಪನಿ 1931ರಲ್ಲಿ ಮಾಡತೊಡಗಿದ ಇದರ ರಚನೆ ಬಹುಮಟ್ಟಿಗೆ ಲಿಯೊನಾರ್ಡ್ ಬೈಲಿ ಎಂಬ ಅಮೆರಿಕದವನು 1860ರ ದಶಕದಲ್ಲಿ ರೂಪಿಸಿದ್ದೇ. ಅಲಗು ಸವೆದು ಮುಗಿದರೂ ಅದೇ ಎರಡಿಂಚಿನ ಹೊಸದು ಇವತ್ತಿಗೂ ಸಿಗುತ್ತದೆ.

ತುಕ್ಕಿಗೆ ಹಿತ್ತಲಿನ ಬಿಂಬುಳಿಯೇ ಸಾಕಾಯಿತು. ಜಜ್ಜಿದ ಹುಳಿಯಲ್ಲಿ ರಾತ್ರಿಯಿಡೀ ಮುಳುಗಿಸಿಟ್ಟು ಬೆಳಿಗ್ಗೆ ತಿಕ್ಕಿದರೆ ಕೆಂಪು ಹೋಗಿ ಬೂದು ಲೋಹ ಕಾಣುತ್ತದೆ. ಆಮೇಲೆ ಅಡುಗೆ ಸೋಡಾ ಕದಡಿದ ನೀರಲ್ಲಿ ತೊಳೆದು, ಬಿಸಿಲಲ್ಲಿ ಒಣಗಿಸಿ, ಹೊಲಿಗೆ ಯಂತ್ರದ ಎಣ್ಣೆ ಹಚ್ಚಿದೆ. ತೆಂಗಿನೆಣ್ಣೆ ಹಚ್ಚಬೇಡಿ, ಕೆಲವು ತಿಂಗಳಲ್ಲಿ ಅಂಟಂಟಾಗುತ್ತದೆ. ನಮ್ಮ ಕರಾವಳಿಯ ಮಳೆಗಾಲಕ್ಕೆ ಪೆಟ್ಟಿಗೆಯೊಳಗೆ ಒಂದಷ್ಟು ಕರ್ಪೂರ ಹಾಕಿಡುವುದು ಹಳೆಯ ಉಪಾಯ.

ಬಾಗಿಲು ರಿಪೇರಿಗೆ ಬಂದ ಆಚಾರ್ರಿಗೆ ಪೆಟ್ಟಿಗೆ ತೋರಿಸಿದೆ. ಕೀಸುಳಿಯನ್ನು ಕೈಯಲ್ಲಿ ತೂಗಿ ನೋಡಿ ಪಕ್ಕಕ್ಕಿಟ್ಟರು. "ಇದಕ್ಕೆ ನಿಂತು ದೂಡುವ ಮೇಜು ಬೇಕು, ನಾನು ನೆಲದಲ್ಲಿ ಕೂತು ಕಾಲಲ್ಲಿ ಮರ ಒತ್ತಿ ಹಿಡಿಯುವವ" ಅಂದರು. ದೊಡ್ಡ ಕೆಲಸಕ್ಕೆ ಅವರ ಹತ್ತಿರ ಕರೆಂಟಿನ ಯಂತ್ರ ಇದೆ, ಕೂಲಿ ಲೆಕ್ಕದಲ್ಲಿ ಅದೇ ಸರಿ. ಆದರೆ ಉಳಿಯನ್ನು ಮುಂಗೈ ಕೂದಲಿನ ಮೇಲೆ ಎಳೆದು ನೋಡಿದವರು ಕೆಳಗಿಡಲೇ ಇಲ್ಲ. ಬಿಜಾಗ್ರಿಯ ಗುಳಿಯನ್ನು ಅದರಲ್ಲೇ ಕೊರೆದರು. "ಒಂದು ನೀವೇ ಇಟ್ಟುಕೊಳ್ಳಿ ಆಚಾರ್ರೇ" ಅಂದೆ. ಬೇಡ ಬೇಡ ಅನ್ನುತ್ತಲೇ ಚೀಲಕ್ಕೆ ಹಾಕಿಕೊಂಡರು. ಉಡುಗೊರೆಯನ್ನು ಮತ್ತೊಬ್ಬರಿಗೆ ಕೊಡಬಾರದಂತೆ, ಮನೆಯಲ್ಲಿ ಆಕ್ಷೇಪ ಬಂತು. ಗೆಳೆಯನಿಗೆ ಹೇಳಿದರೆ ಖುಷಿಪಟ್ಟ. ಅವನಿರುವ ದೇಶದಲ್ಲೇ 'ಟೂಲ್ಸ್ ಫಾರ್ ಸೆಲ್ಫ್ ರಿಲಯನ್ಸ್' ಎಂಬ ಸಂಸ್ಥೆ ದಶಕಗಳ ಕಾಲ ಇಂಥ ಹಳೆಯ ಕೈ ಉಪಕರಣಗಳನ್ನು ಕೂಡಿಸಿ, ಸ್ವಯಂಸೇವಕರಿಂದ ಮಸೆಸಿ, ಟಾಂಜಾನಿಯಾ, ಮಲಾವಿಯಂಥ ಆಫ್ರಿಕಾದ ದೇಶಗಳ ಕುಶಲಕರ್ಮಿಗಳಿಗೆ ಕಳಿಸಿದೆ. ನಮ್ಮಲ್ಲಿ ಹಳೇ ಮನೆ ಕೆಡವುವಾಗ ಅಟ್ಟದ ಮೇಲಿನ ಬಾಚಿ, ಬೈರಿಗೆ ತೂಕಕ್ಕೆ ಹೋಗುತ್ತವೆ, ಇಲ್ಲವೇ ಕೆಫೆಗೆ. ಹತ್ತಿರದ ಐಟಿಐಯಲ್ಲಿ ಮರಗೆಲಸ ಕಲಿಯುವ ಹುಡುಗರಿದ್ದಾರೋ ಎಂದು ಒಮ್ಮೆ ವಿಚಾರಿಸಬಾರದೇ?

ಈಗ ಉಳಿದದ್ದು ಡಿಸ್ಟನ್ ಗರಗಸ. ಹಿಡಿ ಗಟ್ಟಿಯಿದೆ, ತಗಡು ನೆಟ್ಟಗಿದೆ, ಹಲ್ಲು ಮಾತ್ರ ಪೂರ್ತಿ ಮೊಂಡು. ಮುಮ್ಮೂಲೆ ಅರ ಹಾಕಿ, ಒಂದು ಹಲ್ಲು ಬಿಟ್ಟು ಒಂದನ್ನು ಆಚೀಚೆ ಬಾಗಿಸಿ ಕೊಡುವ ಹಿರಿಯರು ಮಂಗಳೂರು, ಉಡುಪಿ, ಕಾರ್ಕಳದ ಕಡೆ ಯಾರಾದರೂ ಇನ್ನೂ ಕೆಲಸ ಮಾಡುತ್ತಿದ್ದರೆ ಇನ್‌ಬಾಕ್ಸಿಗೆ ತಿಳಿಸಿ. ಕೇಳಿದಷ್ಟು ಕೂಲಿ ಕೊಡುತ್ತೇನೆ, ಪಕ್ಕದಲ್ಲಿ ಕೂತು ನೋಡಲು ಬಿಡಬೇಕು.