ಬರೀ 12 ವೋಲ್ಟ್ ತಾನೇ!

ಲಂಗರು ಹಾಕಿ ನಿಂತ ಹಾಯಿದೋಣಿಯೊಳಗೆ ರಾತ್ರಿ ಮೂರು ಗಂಟೆಗೆ ‘ಕೀಂಯ್’ ಎಂದು ಏನಾದರೂ ಕೂಗಿದರೆ, ಮಲಗಿದ್ದವನು ಮೊದಲು ಧಡಕ್ಕನೆ ಎದ್ದು ಕೂರುತ್ತಾನೆ. ಎರಡನೆಯದಾಗಿ ಮೇಲಿನ ಹಲಗೆಗೆ ಹಣೆ ಬಡಿದುಕೊಳ್ಳುತ್ತಾನೆ. ಕೂಗಿದ್ದು ಯಾವುದು ಎಂಬ ಯೋಚನೆ ಅವನಿಗೆ ಬರುವುದು ಇವೆರಡೂ ಮುಗಿದ ಮೇಲೆಯೇ. ನಿನ್ನೆ ರಾತ್ರಿ ನಾನು ಈ ಕ್ರಮವನ್ನು ಚಾಚೂ ತಪ್ಪದೆ ಪಾಲಿಸಿದ್ದೇನೆ, ಹಣೆಯ ಮೇಲಿನ ಬುಗುಟು ಇನ್ನೂ ಇಳಿದಿಲ್ಲ. ದೋಣಿಯಲ್ಲಿ ಕೂಗುವ ಹಕ್ಕುಳ್ಳ ಸಾಧನಗಳು ಹಲವಿವೆ. ತಳದಲ್ಲಿ ನೀರು ಏರಿದರೆ ಒಂದು ಕೂಗುತ್ತದೆ, ಲಂಗರು ಜಾರಿದರೆ ಇನ್ನೊಂದು, ಗ್ಯಾಸ್ ಸೋರಿದರೆ ಮತ್ತೊಂದು. ಇವುಗಳಲ್ಲಿ ಯಾವುದು ಕೂಗಿದ್ದರೂ ನನಗೆ ಭಯವಾಗುತ್ತಿತ್ತೇ ಹೊರತು ಸಿಟ್ಟು ಬರುತ್ತಿರಲಿಲ್ಲ. ಕೂಗುತ್ತಿದ್ದದ್ದು ಇನ್ವರ್ಟರ್, ಬ್ಯಾಟರಿಯ 12 ವೋಲ್ಟನ್ನು ಮನೆಯ ಸಾಕೆಟ್ಟಿನಂಥ ಕರೆಂಟಾಗಿ ಬದಲಿಸುವ ಪೆಟ್ಟಿಗೆ. ಇಟ್ಟಿಗೆಯಷ್ಟು ಗಾತ್ರದ, 300 ವ್ಯಾಟಿನ, ನಾಲ್ಕು ದಿನ ಬೆನ್ನು ಬಗ್ಗಿಸಿ ನಾನೇ ಕೈಯಾರೆ ಕೂರಿಸಿದ ಇನ್ವರ್ಟರ್.

ನಾಲ್ಕು ದಿನ ಎಂದಾಗ ನಗಬಾರದು. ಅದರ ಡಬ್ಬದಲ್ಲಿದ್ದ ಕಾಗದದ ಮೇಲೊಂದು ಚಿತ್ರವಿದೆ. ಇಸ್ತ್ರಿ ಮಾಡಿದ ಬಿಳಿ ಅಂಗಿಯವನೊಬ್ಬ ಎರಡು ಕ್ಲಿಪ್ಪುಗಳನ್ನು ಬ್ಯಾಟರಿಗೆ ಕಚ್ಚಿಸಿ, ಕೈ ಕೂಡ ಕೊಳೆ ಮಾಡಿಕೊಳ್ಳದೆ ಹಲ್ಲು ಬಿಡುತ್ತಿದ್ದಾನೆ. ಅವನ ಬ್ಯಾಟರಿ ಮೇಜಿನ ಮೇಲಿತ್ತೋ ಏನೋ. ನಮ್ಮದು ಮಲಗುವ ಹಲಗೆಯ ಕೆಳಗಿದೆ. ಅದನ್ನು ಮುಟ್ಟಬೇಕಾದರೆ ಹಾಸಿಗೆ ಎತ್ತಿ, ಹಲಗೆ ತೆಗೆದು, ಬೋರಲು ಮಲಗಿ, ಎಡಗೈಯನ್ನು ಭುಜದವರೆಗೆ ಇಳಿಬಿಟ್ಟು, ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳಬೇಕು. ಸ್ಪ್ಯಾನರ್ ಕೈಜಾರಿ ಬೀಳುವುದು ಸರಿಯಾಗಿ ಇದೇ ಭಂಗಿಯಲ್ಲಿ. ಬಾಯಲ್ಲಿ ಟಾರ್ಚ್ ಇರುವುದರಿಂದ ಬೈಯಲಿಕ್ಕೂ ಆಗುವುದಿಲ್ಲ.

ಬೈಗುಳಕ್ಕೆ ಯೋಗ್ಯರಾದವರು ಪಕ್ಕದಲ್ಲೇ ಇದ್ದರೂ ಇದೇ ಗತಿ. ನನ್ನ ಜೊತೆ ದೋಣಿಯಲ್ಲಿರುವವರು ಅಕ್ಕನ ಗಂಡ, ಅಂದರೆ ಭಾವ. ಹಾಯಿ ಕಟ್ಟುವುದರಲ್ಲಿ, ಗಾಳಿಯ ಮನಸ್ಸನ್ನು ಓದುವುದರಲ್ಲಿ ಅವರಿಗೆ ಸರಿಸಾಟಿಯಿಲ್ಲ. ವಿದ್ಯುತ್ತಿನ ವಿಷಯಕ್ಕೆ ಬಂದರೆ ಮಾತ್ರ ಅವರದು ಒಂದೇ ಮಂತ್ರ: “ಬರೀ 12 ವೋಲ್ಟ್ ತಾನೇ ಮಾರಾಯ, ಮುಟ್ಟಿದರೂ ಚುರುಕ್ಕೆನ್ನುವುದಿಲ್ಲ, ಅದಕ್ಕೇಕೆ ಇಷ್ಟು ಭಯ?” ಮುಟ್ಟಿದರೆ ಏನೂ ಆಗುವುದಿಲ್ಲ ಎಂಬುದು ನಿಜ. ಆದರೆ 300 ವ್ಯಾಟನ್ನು 12ರಿಂದ ಭಾಗಿಸಿದರೆ 25 ಆಂಪಿಯರ್ ಆಗುತ್ತದೆ, ಇನ್ವರ್ಟರ್ ತಾನೇ ನುಂಗಿಕೊಳ್ಳುವ ಪಾಲನ್ನೂ ಸೇರಿಸಿದರೆ 28ರ ಆಸುಪಾಸಿಗೆ ಹೋಗುತ್ತದೆ. ಅಷ್ಟು ಕರೆಂಟು ಬಡಕಲು ವೈರಿನಲ್ಲಿ ಹರಿದರೆ ಚುರುಕ್ಕೆನ್ನುವುದು ಮನುಷ್ಯನಲ್ಲ, ದೋಣಿ.

ಮೊದಲ ದಿನ ಭಾವ ನನ್ನನ್ನು ಕೇಳದೆಯೇ ಅದನ್ನು ಸಿಗರೇಟ್ ಲೈಟರ್ ಸಾಕೆಟ್ಟಿಗೆ ಸಿಕ್ಕಿಸಿದರು. ಆ ಸಾಕೆಟ್ಟಿನ ಹಿಂದೆ ಇದ್ದದ್ದು 10 ಆಂಪಿಯರಿನ ಫ್ಯೂಸ್. ಲ್ಯಾಪ್‌ಟಾಪ್ ಒಂದೇ ಇರುವವರೆಗೆ ಸಂಸಾರ ಸುಗಮವಾಗಿ ಸಾಗಿತು. ಅದರ ಜೊತೆಗೆ ಡ್ರಿಲ್ಲಿನ ಚಾರ್ಜರನ್ನೂ ಹಚ್ಚಿದ ಸ್ವಲ್ಪ ಹೊತ್ತಿಗೆ ಫ್ಯೂಸ್ ತನ್ನ ಕರ್ತವ್ಯ ನಿರ್ವಹಿಸಿ ಅಸುನೀಗಿತು. “30ರದ್ದು ಹಾಕಿಬಿಡೋಣ” ಎಂದರು ಭಾವ. ಫ್ಯೂಸ್ ಇರುವುದು ಯಂತ್ರವನ್ನು ಕಾಯಲಿಕ್ಕಲ್ಲ, ವೈರನ್ನು ಕಾಯಲಿಕ್ಕೆ. ದೊಡ್ಡ ಫ್ಯೂಸ್ ಹಾಕಿದರೆ ಅದರ ಕೆಲಸವನ್ನು ವೈರೇ ಮಾಡಬೇಕಾಗುತ್ತದೆ, ಅದೂ ನಾವು ಮಲಗಿರುವ ಹಾಸಿಗೆಯ ಅಡಿಯಲ್ಲಿ, ಎಂದು ನಾನು ವಿವರಿಸಿದೆ. ಅವರು ತಲೆಯಾಡಿಸಿದರು. ಒಪ್ಪಿ ಆಡಿಸುವ ತಲೆಯೇ ಬೇರೆ, ಇವನ ಮಾತು ಬೇಗ ಮುಗಿಯಲಿ ಎಂದು ಆಡಿಸುವ ತಲೆಯೇ ಬೇರೆ.

ಇನ್ವರ್ಟರನ್ನು ಎಲ್ಲಿ ಕೂರಿಸುವುದು ಎಂಬ ಪ್ರಶ್ನೆಗೆ ಎರಡನೆಯ ದಿನ ಪೂರ್ತಿ ಹೋಯಿತು. ತಂತಿ ಗಿಡ್ಡವಿರಬೇಕಾದ್ದರಿಂದ ಅದು ಬ್ಯಾಟರಿಗೆ ಹತ್ತಿರವಿರಬೇಕು, ಆದರೆ ಬ್ಯಾಟರಿಯ ಗೂಡಿನೊಳಗೇ ಇರಬಾರದು. ಲೆಡ್-ಆಸಿಡ್ ಬ್ಯಾಟರಿ ಚಾರ್ಜ್ ಆಗುವಾಗ ಜಲಜನಕ ಬಿಡುತ್ತದೆ, ಗಾಳಿಯಲ್ಲಿ ಅದು ನೂರಕ್ಕೆ 4 ಪಾಲು ಕೂಡಿಕೊಂಡರೆ ಸಿಡಿಯುವುದಕ್ಕೆ ಒಂದು ಸಣ್ಣ ಕಿಡಿ ಸಾಕು. ಜಾಗದಲ್ಲಿ ಗಾಳಿಯಾಡಬೇಕು, ನೀರು ಮಾತ್ರ ಬೀಳಬಾರದು. ಹಾಯಿದೋಣಿಯಲ್ಲಿ ಒಣಜಾಗ ಹುಡುಕುವುದು ಮರುಭೂಮಿಯಲ್ಲಿ ಕೆರೆ ಹುಡುಕಿದಂತೆ. ಬಂದರಿನಲ್ಲಿ ನಿಂತಾಗ ಖಟಖಟ ಒಣಗಿರುವ ಕಪಾಟು, ದೋಣಿ ಗಾಳಿಗೆ ವಾಲಿದೊಡನೆ ಎಲ್ಲಿಂದಲೋ ಜಿನುಗತೊಡಗುತ್ತದೆ. ಕೊನೆಗೆ ನಕ್ಷೆಯ ಮೇಜಿನ ಕೆಳಗಿನ ಕಪಾಟಿನಲ್ಲಿ, ಅಡ್ಡಗೋಡೆಯ ಮೇಲ್ಭಾಗದಲ್ಲಿ, ಒಂದೂವರೆ ಮೊಳ ಅಗಲದ ತಾವು ಸಿಕ್ಕಿತು. ಅಲ್ಲಿ ಗಾಳಿಯೂ ಆಡುತ್ತಿತ್ತು.

ತಂತಿಯ ಮಟ್ಟಿಗೆ ನಾನು ಜಿಪುಣತನ ಮಾಡಲಿಲ್ಲ. ಬ್ಯಾಟರಿಯಿಂದ ಕಪಾಟಿಗೆ 2 ಮೀಟರ್. ಹೋಗಿ ಬರುವ ದಾರಿ ಸೇರಿದರೆ 4. ಭಾವ ಎತ್ತಿ ತೋರಿಸಿದ 2.5 ಚದರ ಮಿಲಿಮೀಟರಿನ ವೈರಿನಲ್ಲಿ ಪೂರ್ಣ ಹೊರೆಗೆ ದಾರಿಯಲ್ಲೇ ಮುಕ್ಕಾಲು ವೋಲ್ಟ್ ಸೋರಿಹೋಗುತ್ತದೆ, ಆಗ ಬ್ಯಾಟರಿ ತುಂಬಿದ್ದರೂ ಇನ್ವರ್ಟರ್ ಹೊಟ್ಟೆಗಿಲ್ಲದ ಮಗುವಿನಂತೆ ರಚ್ಚೆ ಹಿಡಿಯುತ್ತದೆ. ಹೀಗಾಗಿ ತವರ ಲೇಪಿಸಿದ ತಾಮ್ರದ ಎಳೆಗಳ 10 ಚದರ ಮಿಲಿಮೀಟರಿನ ಕೇಬಲ್ ಎಳೆದೆ. ತುದಿಗಳಿಗೆ ಬೆಸುಗೆ ಹಾಕದೆ ಲಗ್ ಎಂಬ ಲೋಹದ ಟೊಪ್ಪಿಗೆ ತೊಡಿಸಿ ಒತ್ತಿದೆ, ಏಕೆಂದರೆ ಬೆಸುಗೆ ಹೀರಿದ ತಂತಿ ಸೆಟೆದುಕೊಂಡು, ದೋಣಿಯ ನಿತ್ಯದ ಅದುರಾಟಕ್ಕೆ ಅಲ್ಲೇ ಮುರಿಯುತ್ತದೆ. ಬ್ಯಾಟರಿಯ ಧನ ತುದಿಯಿಂದ ಒಂದು ಗೇಣಿನೊಳಗೆ 40 ಆಂಪಿಯರಿನ ಫ್ಯೂಸ್ ಕೂರಿಸಿದೆ. ಕೊನೆಯ ತುದಿಯನ್ನು ಇನ್ವರ್ಟರಿಗೆ ತಾಗಿಸುವಾಗ ‘ಟಪ್’ ಎಂದು ನೀಲಿ ಕಿಡಿ ಹಾರಿತು. ಒಳಗೆ ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ ಕೆಪಾಸಿಟರುಗಳು ಮೊದಲ ಸಲ ತುಂಬಿಕೊಳ್ಳುವಾಗ ಹಾಗಾಗುವುದು ಸಹಜ. ಆ ಕಿಡಿ ಹಾರುತ್ತದೆಂದೇ ನಾನು ಕೊನೆಯ ಜೋಡಣೆಯನ್ನು ಬ್ಯಾಟರಿಯಿಂದ ದೂರ ಇಟ್ಟುಕೊಂಡಿದ್ದೆ. ಮೇಲಿನಿಂದ ಬಗ್ಗಿ ನೋಡುತ್ತಿದ್ದ ಭಾವ, 12 ವೋಲ್ಟಿಗೆ ಅಂಜದ ಭಾವ, ಎರಡು ಮೆಟ್ಟಿಲು ಹಿಂದಕ್ಕೆ ಹಾರಿದ್ದನ್ನು ನಾನು ಕಣ್ಣಾರೆ ಕಂಡೆ. ನಾಲ್ಕು ದಿನಗಳಲ್ಲಿ ನನಗೆ ದಕ್ಕಿದ ಸಂತೋಷ ಅದೊಂದೇ.

ಅದೂ ಬಹಳ ಹೊತ್ತು ಉಳಿಯಲಿಲ್ಲ. ಮೂರನೆಯ ದಿನ ಲಂಗರು ಎತ್ತಿ ಹೊರಟಾಗ, ಭಾವ ಚಾರ್ಜರುಗಳನ್ನು ಹಚ್ಚಿದ್ದೇ ತಡ, ಸ್ವಯಂಚಾಲಿತ ಚುಕ್ಕಾಣಿ ಏಳೆಂಟು ಡಿಗ್ರಿ ಪಕ್ಕಕ್ಕೆ ಹೊರಳಿತು. ಚಾರ್ಜರ್ ತೆಗೆದರೆ ಮತ್ತೆ ನೆಟ್ಟಗಾಯಿತು. ಚುಕ್ಕಾಣಿಗೆ ದಿಕ್ಕು ಹೇಳುವ ದಿಕ್ಸೂಚಿ ಅದೇ ಅಡ್ಡಗೋಡೆಯ ಆ ಬದಿಗಿದೆ, ನಾನು ಕೆಂಪು ಕೇಬಲನ್ನು ಅದರ ಒಂದು ಪಕ್ಕದಿಂದ, ಕಪ್ಪನ್ನು ಇನ್ನೊಂದು ಪಕ್ಕದಿಂದ ಬಹಳ ಅಚ್ಚುಕಟ್ಟಾಗಿ ಒಯ್ದಿದ್ದೆ. ಅವುಗಳಲ್ಲಿ ಹರಿಯುವ ಕರೆಂಟಿನ ಕಾಂತಶಕ್ತಿ ದಿಕ್ಸೂಚಿಯ ದಾರಿ ತಪ್ಪಿಸುತ್ತಿತ್ತು. ಎಲ್ಲವನ್ನೂ ಬಿಚ್ಚಿ, ಎರಡನ್ನೂ ಜಡೆಯಂತೆ ಹೊಸೆದು, ದಿಕ್ಸೂಚಿಯಿಂದ ದೂರಕ್ಕೆ ಸರಿಸಿದೆ. ಇದು ಭಾವನ ತಪ್ಪಲ್ಲ ಎಂದು ಒಪ್ಪಿಕೊಳ್ಳುವುದು ಕಷ್ಟವಾಗುತ್ತಿದೆ.

ನಾಲ್ಕನೆಯ ದಿನದ ತಪ್ಪು ಮಾತ್ರ ಅವರದೇ. ಎರಡು ತುದಿಗೂ ಗಂಡು ಪ್ಲಗ್ ಇರುವ ವೈರೊಂದನ್ನು ತಾವೇ ತಯಾರಿಸಿ ತಂದರು. ಇನ್ವರ್ಟರಿನಿಂದ ಹೊರಟು ದೋಣಿಯ ಗೋಡೆಯ ಸಾಕೆಟ್ಟಿಗೆ ಹಾಕಿದರೆ ಎಲ್ಲ ಸಾಕೆಟ್ಟುಗಳಲ್ಲೂ ಕರೆಂಟು ಬರುತ್ತದಂತೆ. ಬರುತ್ತದೆ, ನಿಜ. ಒಂದು ತುದಿ ಕಳಚಿದರೆ ಬೆತ್ತಲೆ ಪಿನ್ನುಗಳಲ್ಲೂ ಬರುತ್ತದೆ. ದೇಶಕ್ಕೆ ತಕ್ಕಂತೆ ಅದು 120 ವೋಲ್ಟ್ ಇರಬಹುದು, 230 ಇರಬಹುದು, ಕೊಲ್ಲುವುದಕ್ಕೆ ಎರಡೂ ಸಾಕು. ದಡದ ವಿದ್ಯುತ್ತೂ ಅದೇ ಹೊತ್ತಿಗೆ ಒಳಬಂದರೆ ಇನ್ವರ್ಟರಿನ ಕಥೆ ಅಲ್ಲಿಗೆ ಮುಗಿಯುತ್ತದೆ. ಎರಡರಲ್ಲಿ ಒಂದನ್ನು ಮಾತ್ರ ಬಿಡುವ ಆಯ್ಕೆಯ ಸ್ವಿಚ್ ಇಲ್ಲದೆ ಆ ಕೆಲಸಕ್ಕೆ ಕೈಹಾಕಲೇಬಾರದು. ನಾನು ಮಾತಾಡದೆ ಆ ವೈರನ್ನು ಇಕ್ಕಳದಿಂದ ನಡುವೆ ಕತ್ತರಿಸಿದೆ. ಭಾವ ಆ ಎರಡು ತುಂಡುಗಳನ್ನು ಸತ್ತ ಹಕ್ಕಿಯನ್ನು ಎತ್ತಿಕೊಂಡಂತೆ ಎತ್ತಿಕೊಂಡು ಹೋದರು.

ಇಷ್ಟೆಲ್ಲ ಆದ ಮೇಲೆ, ನಿನ್ನೆ ರಾತ್ರಿ ಅದು ಕೂಗಿತು. ಹಣೆ ನೀವಿಕೊಳ್ಳುತ್ತ, ಭಾವನ ಗೊರಕೆಯನ್ನು ದಾಟಿ, ಹಲಗೆ ತೆಗೆದು ಬೋರಲು ಮಲಗಿ ಮಲ್ಟಿಮೀಟರ್ ಹಿಡಿದೆ. ಬ್ಯಾಟರಿಯಲ್ಲಿ 12.4 ವೋಲ್ಟ್ ಇತ್ತು. ಫ್ಯೂಸ್ ಬೆಚ್ಚಗಿರಲಿಲ್ಲ, ಲಗ್ಗುಗಳು ಬಿಗಿಯಾಗಿದ್ದವು. ನನ್ನ ಕೆಲಸದಲ್ಲಿ ಕುಂದಿಲ್ಲ ಎಂಬ ಹೆಮ್ಮೆಯೂ, ಹಾಗಿದ್ದರೆ ಇದೇಕೆ ಕಿರುಚುತ್ತಿದೆ ಎಂಬ ಅಸಹಾಯಕತೆಯೂ ಒಟ್ಟಿಗೇ ಉಕ್ಕುತ್ತಿದ್ದಾಗ ಕಪಾಟಿನ ಬಾಗಿಲು ತೆರೆದೆ. ಮುಖಕ್ಕೆ ಬಿಸಿಯಾದ, ಉಪ್ಪುಪ್ಪಾದ, ಬಣ್ಣಿಸಲು ನಾನು ಇಚ್ಛಿಸದ ಗಾಳಿಯೊಂದು ರಾಚಿತು.

ಇನ್ವರ್ಟರ್ ಕಾಣಿಸಲಿಲ್ಲ. ಅದರ ಜಾಗದಲ್ಲಿ ಕಾಲುಚೀಲಗಳಿದ್ದವು. ಐದು. ಎರಡು ಬೂದು ಬಣ್ಣದವು ನೆತ್ತಿಯ ಮೇಲೆ ಅಂಗಾತ ಮಲಗಿದ್ದವು, ಎರಡು ಕೇಬಲ್ಲಿಗೆ ಜೋತುಬಿದ್ದಿದ್ದವು. ಹಿಮ್ಮಡಿ ತೂತಾದ ಐದನೆಯದನ್ನು, ಬಿಸಿಗಾಳಿ ಹೊರಡುವ ಫ್ಯಾನಿನ ಬಾಯಿಗೆ ಚೀಲದಂತೆ ತೊಡಿಸಲಾಗಿತ್ತು. ಅದು ಗಾಳಿ ತುಂಬಿಕೊಂಡು, ಒಳಗೊಂದು ಪಾದವಿದೆಯೇನೋ ಎಂಬಂತೆ ಉಬ್ಬಿ ನಿಂತು, ಹಿಮ್ಮಡಿಯ ತೂತಿನಿಂದ ಮೆಲ್ಲಗೆ ಉಸಿರು ಬಿಡುತ್ತಿತ್ತು. ಮೂರು ಚಾರ್ಜರುಗಳ ಹೊರೆ ಹೊತ್ತ ಇನ್ವರ್ಟರ್ ಬಿಸಿಯೇರಿ, ಉಸಿರುಗಟ್ಟಿ, ಕಾಪಾಡಿ ಎಂದು ಕೂಗುತ್ತಿತ್ತು. ಒದ್ದೆ ಚೀಲದ ತುದಿಯಿಂದ ಬಿದ್ದ ಹನಿಯೊಂದು ಸಾಕೆಟ್ಟಿನಿಂದ ಎರಡು ಬೆರಳು ಈಚೆ ಒಣಗಿ ಉಪ್ಪಿನ ಬಿಳಿಗೆರೆ ಬಿಟ್ಟಿತ್ತು. ಆ ಎರಡು ಬೆರಳಿನ ಅಂತರವನ್ನು ನೆನೆದರೆ ಈಗಲೂ ನಗು ಬರುವುದಿಲ್ಲ.

ಸ್ವಿಚ್ ಆರಿಸಿದೆ. ಫ್ಯಾನಿನ ಗುಂಯ್‌ಗುಡುವಿಕೆ ನಿಂತಾಗಲೇ ಅದು ಇಷ್ಟು ದಿನ ಕಿವಿಯಲ್ಲಿ ಇತ್ತೆಂದು ಅರಿವಾದದ್ದು. ಹಾಯಿಕಂಬಕ್ಕೆ ಹಗ್ಗ ಟಕ್ ಟಕ್ ಎಂದು ಬಡಿಯುತ್ತಿತ್ತು, ಹಲಗೆಯ ಆಚೆ ನೀರು ಬೆಕ್ಕು ಹಾಲು ನೆಕ್ಕಿದಂತೆ ಸದ್ದು ಮಾಡುತ್ತಿತ್ತು. ಮೊದಲೆಲ್ಲ ಈ ದೋಣಿಯಲ್ಲಿ ನಕ್ಷೆಯ ಮೇಜಿನ ಮೇಲೊಂದು ಬಲ್ಬು ಬಿಟ್ಟರೆ ಬೇರೇನೂ ಇರಲಿಲ್ಲ. ಅದು ಮಂಕಾದರೆ ಮಾತು ನಿಲ್ಲಿಸದೆ ಕತ್ತಲಲ್ಲೇ ಕೂತಿರುತ್ತಿದ್ದೆವು, ನಾನೂ ಭಾವನೂ. ಆಗ ಅವರು ಎಷ್ಟು ಚೆನ್ನಾಗಿ ಕಥೆ ಹೇಳುತ್ತಿದ್ದರು. ಈಗ ಊಟವಾದೊಡನೆ ಇಬ್ಬರೂ ತಂತಮ್ಮ ಚಾರ್ಜರಿನ ತುದಿ ಹಿಡಿದು ಮೂಲೆ ಸೇರುತ್ತೇವೆ.

ಬೆಳಿಗ್ಗೆ ಐದು ಕಾಲುಚೀಲಗಳನ್ನೂ ಅವರ ಮುಂದಿಟ್ಟು ವಿಚಾರಣೆ ನಡೆಸಿದೆ. ಭಾವ ಒಂದನ್ನೆತ್ತಿ ಕೆನ್ನೆಗೆ ಒತ್ತಿ ನೋಡಿ, “ನಾಲ್ಕು ಪೂರ್ತಿ ಒಣಗಿವೆ” ಎಂದು ತೀರ್ಪಿತ್ತರು. ಅನಂತರ ನನ್ನ ಮುಖ ನೋಡಿ, ತಮಗೆ ನಿಜಕ್ಕೂ ಅನ್ಯಾಯವಾಗಿದೆ ಎಂಬ ದನಿಯಲ್ಲಿ, “ಒಣಜಾಗ ಒಣಜಾಗ ಅಂತ ನೀನೇ ಒಂದು ದಿನವಿಡೀ ಬಡಿದುಕೊಂಡೆಯಲ್ಲ, ದೋಣಿಯಲ್ಲಿರುವುದು ಅದೊಂದೇ ಒಣಜಾಗ. ಮತ್ತೆಲ್ಲಿ ಹಾಕಲಿ?” ಎಂದು ಕೇಳಿದರು.

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಇನ್ವರ್ಟರಿನಿಂದ ಒಂದು ಗೇಣು ಈಚೆಗೆ, ಗಾಳಿಗೆ ಅಡ್ಡಿಯಾಗದಂತೆ, ಸ್ಟೀಲಿನ ಜಾಲರಿಯೊಂದನ್ನು ನಾಲ್ಕು ತಿರುಪು ಹಾಕಿ ಬಿಗಿದೆ. ಇದನ್ನು ಬರೆಯುತ್ತಿರುವಾಗ ಭಾವ ಕಪಾಟಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಜಾಲರಿಯನ್ನು ಬೆರಳಿನಿಂದ ಎಳೆದು ನೋಡುತ್ತಿದ್ದಾರೆ. ಗಟ್ಟಿಯಾಗಿದೆ ಎಂದು ಮೆಚ್ಚಿಕೊಂಡರು. ಈಗಷ್ಟೇ ಎದ್ದು ಹೋಗಿದ್ದಾರೆ, ಬಟ್ಟೆ ಒಣಹಾಕುವ ಕ್ಲಿಪ್ಪುಗಳು ಎಲ್ಲಿವೆ ಎಂದು ಕೇಳುತ್ತ.